ಡಿಪೋ ಎಲ್ಲಿ ಅಂತ ಮೊದಲೇ ಕೇಳಬೇಕಿತ್ತು

ಗೋರೆಗಾಂವ್ ಪೂರ್ವದಲ್ಲಿ ನಮ್ಮ ಮನೆ. ಈಗ ದಿನಾ ಆರೆ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಚರ್ಚ್‌ಗೇಟಿಗೆ ಹೋಗುತ್ತೇನೆ. ಲೋಕಲ್ಲಿನ ನೂಕುನುಗ್ಗಲಿಲ್ಲ, ಬೆವರಿಲ್ಲ. 33.5 ಕಿಲೋಮೀಟರಿನ ಈ 3ನೇ ಮಾರ್ಗ ಮುಂಬೈಗೆ ಬೇಕೇ ಬೇಕಿತ್ತು.

ಆದರೂ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ 2019ರ ಅಕ್ಟೋಬರ್ 4ರ ರಾತ್ರಿ ನೆನಪಾಗುತ್ತದೆ. ಈ ಮಾರ್ಗದ ರೈಲುಗಳು ರಾತ್ರಿ ನಿಲ್ಲುವ ಡಿಪೋಗಾಗಿ ಆರೆಯ ಕಾಡಿನಲ್ಲಿ ಮರ ಕಡಿಯಲು ಶುರು ಮಾಡಿದ್ದು ಆವತ್ತೇ. ಸುಪ್ರೀಂ ಕೋರ್ಟ್ ತಡೆಯುವಷ್ಟರಲ್ಲಿ 2,100ಕ್ಕೂ ಜಾಸ್ತಿ ಮರ ಹೋಗಿದ್ದವು. ಅದಕ್ಕೂ ಮೊದಲು ಭಾನುವಾರ ಮಗಳ ಜೊತೆ ಆರೆಗೆ ಹೋಗುತ್ತಿದ್ದೆ. ಒಡೆದ ಬೂರುಗದ ಕಾಯಿ ಹೆಕ್ಕಿ, ಹತ್ತಿಯನ್ನು ಬಾಯಿಂದ ಊದಿ ಹಾರಿಸುತ್ತಿದ್ದಳು. ಬೀಜ ಅವಳ ಜಡೆಗೇ ಅಂಟಿಕೊಳ್ಳುತ್ತಿತ್ತು.

ಆ ಡಿಪೋದ ಜಾಗ ಇರುವುದು ಮಿಠಿ ನದಿಯ ದಡದಲ್ಲಿ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಕ್ಕಿ ಬಂದದ್ದು ಇದೇ ಮಿಠಿ. ನೀರು ಇಂಗುವ ನೆಲ ಎಷ್ಟು ಬೇಕು ಅಂತ ನಮಗೆ ಆಗಲೇ ಗೊತ್ತಾಗಿತ್ತು, ಅಲ್ವಾ?

2020ರಲ್ಲಿ ಸರ್ಕಾರದವರು ಡಿಪೋವನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯುತ್ತೇವೆ ಅಂದರು, 2022ರಲ್ಲಿ ಮತ್ತೆ ಆರೆಗೇ ತಂದರು. ರೈಲು ಎಲ್ಲಿ ಓಡಬೇಕು ಅನ್ನುವಷ್ಟೇ ಮುಖ್ಯ, ರಾತ್ರಿ ಅದು ಎಲ್ಲಿ ನಿಲ್ಲಬೇಕು ಅನ್ನುವುದು. ನಕ್ಷೆಯ ಮೊದಲ ಗೆರೆ ಎಳೆಯುವಾಗಲೇ ಮರ, ನದಿ, ಪಾಡಾದ, ಅಂದರೆ ಅಲ್ಲಿನ ಆದಿವಾಸಿ ಹಾಡಿಯ ಜನ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಬೇರೆ ಕಡೆ ಸಸಿ ನೆಟ್ಟರೆ ಆ ಬೂರುಗ ಬರುವುದಿಲ್ಲ.

ಮಗಳು ಈಗ ಕಾಲೇಜಿಗೆ ಇದೇ ಮೆಟ್ರೋದಲ್ಲಿ ಹೋಗುತ್ತಾಳೆ. ಭಾನುವಾರ ಇಬ್ಬರೂ ಉಳಿದಿರುವ ಆರೆಯ ಕಡೆ ನಡೆಯುತ್ತೇವೆ.