57 ಸೆಕೆಂಡು ಕರಗಿದ ರಾತ್ರಿ

2020ರ ಸೆಪ್ಟೆಂಬರ್ 19, ಶನಿವಾರ. ಕೊರೊನಾದಿಂದಾಗಿ ಎರಡು ತಿಂಗಳು ತಡವಾಗಿ ಶುರುವಾಗಿದ್ದ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ಮುಗಿಯೋ ಹಂತಕ್ಕೆ ಬಂದಿತ್ತು. ಮರುದಿನ ಪ್ಯಾರಿಸ್. ಅಲ್ಲಿ ಹಳದಿ ಜೆರ್ಸಿ ತೊಟ್ಟವನನ್ನು, ಅಂದರೆ ಒಟ್ಟು ಸಮಯದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರೋನನ್ನು, ಹಿಂದಿಕ್ಕೋಕೆ ಯಾರೂ ನೋಡುತ್ತಿರಲಿಲ್ಲ, ಅದು ಆಗಿನ ರೂಢಿ. ಹಾಗಾಗಿ ಗೆಲ್ಲೋದು ಯಾರು ಅಂತ ಅವತ್ತೇ ತೀರ್ಮಾನ ಆಗಬೇಕಿತ್ತು.

ನಾನು ಪ್ರಿಮೊಜ್ ರೊಗ್ಲಿಚ್ ಕಡೆ. ಹಿಮದ ಮೇಲೆ ಸ್ಕೀ ಜಂಪ್ ಮಾಡ್ತಿದ್ದವನು, ತಡವಾಗಿ ಸೈಕಲ್‌ಗೆ ಬಂದು ಇಷ್ಟೆತ್ತರಕ್ಕೆ ಏರಿದವನು. ಹನ್ನೊಂದು ದಿನದಿಂದ ಹಳದಿ ಜೆರ್ಸಿ ಅವನ ಮೈಮೇಲಿತ್ತು. ಎರಡನೇ ಸ್ಥಾನದಲ್ಲಿದ್ದದ್ದು ಅವನದೇ ದೇಶ ಸ್ಲೊವೇನಿಯಾದ ಹುಡುಗ, 21ರ ತಾದೇಯ್ ಪೊಗಾಚರ್. ಇಬ್ಬರ ನಡುವೆ 57 ಸೆಕೆಂಡು.

ಅವತ್ತಿನದು 36.2 ಕಿಲೋಮೀಟರ್ ಟೈಮ್ ಟ್ರಯಲ್. ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ತುಳಿಯಬೇಕು. ಕೊನೆಗೆ ಲಾ ಪ್ಲಾಂಶ್ ದೆ ಬೆಲ್ ಫೀಯ್ ಅನ್ನೋ ಬೆಟ್ಟ, ಸುಮಾರು ಆರು ಕಿಲೋಮೀಟರ್ ಕಡಿದಾದ ಏರು. ನಮ್ಮಲ್ಲಿ ಆಗ ರಾತ್ರಿ ಊಟದ ಹೊತ್ತು. ಲ್ಯಾಪ್‌ಟಾಪ್ ಮುಂದೆ ತಟ್ಟೆ ಇಟ್ಟುಕೊಂಡು ನಾನೂ ತಮ್ಮನೂ ಕೂತಿದ್ದೆವು.

ಬೆಟ್ಟದ ಬುಡ ತಲುಪುವಷ್ಟರಲ್ಲೇ 57ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಅಲ್ಲಿ ಇಬ್ಬರೂ ಏರಿಗೆಂದು ಹಗುರ ಸೈಕಲ್ ಹತ್ತಿದರು. ಪೊಗಾಚರ್ ಸಲೀಸಾಗಿ ಹತ್ತಿ ಹೋದ. ರೊಗ್ಲಿಚ್ ಪೆಡಲ್‌ಗೆ ಕಾಲು ಸಿಗಿಸೋಕೂ ತಡವರಿಸಿದ.

"ಅಣ್ಣಾ, ಅವನ ಹೆಲ್ಮೆಟ್ ನೋಡು" ಅಂದ ತಮ್ಮ.

ಹಳದಿ ಹೆಲ್ಮೆಟ್ ಹಿಂದಕ್ಕೆ ಸರಿದು ಓರೆಯಾಗಿತ್ತು. ಹಣೆ ಪೂರ್ತಿ ಕಾಣ್ತಿತ್ತು. ಬಾಯಿ ತೆರೆದಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ಹೆಲ್ಮೆಟ್ ಸರಿ ಮಾಡಿಕೊಳ್ಳೋಕೂ ಅವನು ಕೈ ಎತ್ತಲಿಲ್ಲ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬೆಟ್ಟದ ಮೇಲೆ ಅವನ ತಂಡದ ತೋಮ್ ದ್ಯುಮೊಲಿನ್, ವೌಟ್ ವಾನ್ ಆರ್ಟ್ ಪರದೆ ನೋಡ್ತಾ ಬೆಪ್ಪಾಗಿ ಕೂತಿದ್ದರು.

ಅವತ್ತು ಒಂದೇ ದಿನದಲ್ಲಿ ಪೊಗಾಚರ್ ಅವನಿಗಿಂತ 1 ನಿಮಿಷ 56 ಸೆಕೆಂಡು ಬೇಗ ಮುಗಿಸಿದ. ಒಟ್ಟು ಲೆಕ್ಕದಲ್ಲಿ 59 ಸೆಕೆಂಡು ಮುಂದೆ. ಆ ಹುಡುಗನ ಸವಾರಿ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಣ್ಣು ಸೋತವನ ಮೇಲೇ ಇತ್ತು. ನೆಲದ ಮೇಲೆ ಕುಸಿದು ಕೂತಿದ್ದವನು ಎದ್ದು, ಪೊಗಾಚರ್ ಹತ್ತಿರ ಹೋಗಿ ತಬ್ಬಿಕೊಂಡ. ಅಂಥ ಸೋಲಾದ ಮೇಲೆ ಅದು ಸುಮ್ನೆ ಬರೋ ಗುಣ ಅಲ್ಲ.

ಎರಡು ವಾರ ಕಳೆದು, ಅಕ್ಟೋಬರ್ 4ಕ್ಕೆ ಬೆಲ್ಜಿಯಂನಲ್ಲಿ ಲಿಯೇಜ್-ಬಾಸ್ತೋನ್-ಲಿಯೇಜ್ ರೇಸು. ಗೆದ್ದೇಬಿಟ್ಟೆ ಅಂತ ಜೂಲಿಯನ್ ಅಲಾಫಿಲಿಪ್ ಗೆರೆಗೆ ಮೊದಲೇ ಕೈ ಎತ್ತಿದ. ರೊಗ್ಲಿಚ್ ಮಾತ್ರ ಕೊನೇ ಗಳಿಗೆವರೆಗೂ ತುಳಿದು, ಸೈಕಲ್ಲನ್ನು ಗೆರೆಯ ಮೇಲೆ ಮುಂದಕ್ಕೆ ನೂಕಿದ. ಗೆದ್ದವನು ಅವನೇ. ಮನೆಯೆಲ್ಲ ಎದ್ದು ಬರೋ ಹಾಗೆ ಕೂಗಿದೆವು.