ಬರೀ ರೀಕಂಪೈಲ್, ಕೋಡ್ ಮುಟ್ಟಿಲ್ಲ

ಬದಲಾವಣೆಯ ವಿವರ ಬರೆಯುವ ಚೇಂಜ್ ಟಿಕೆಟ್‌ನಲ್ಲಿ ನಾನೇ ಬರೆದಿದ್ದ ಸಾಲು ಇದು. ಮ್ಯಾನೇಜರ್ ಈಗಲೂ ಮೀಟಿಂಗ್‌ನಲ್ಲಿ ಓದಿ ನಗುತ್ತಾರೆ.

ಕೋಬಾಲ್ ಭಾಷೆಯ ಹಳೇ ಪ್ರೋಗ್ರಾಂಗಳನ್ನು ಹೊಸ ಕಂಪೈಲರ್‌ಗೆ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಸಾಫ್ಟ್‌ವೇರ್) ತರುತ್ತಿದ್ದೆವು. ಟೆಸ್ಟ್ ಫೈಲ್‌ನಲ್ಲಿ 500 ರೆಕಾರ್ಡ್, ಎಲ್ಲ ಪಾಸ್. ಪ್ರೊಡಕ್ಷನ್‌ಗೆ, ಅಂದ್ರೆ ನಿಜವಾದ ಕೆಲಸಕ್ಕೆ, ಹೋದ ಮೊದಲ ರಾತ್ರಿಯೇ ಬ್ಯಾಚ್ (ರಾತ್ರಿ ಒಟ್ಟಿಗೆ ಓಡುವ ಕೆಲಸ) ನಿಂತಿತು. ಒಟ್ಟು ರೆಕಾರ್ಡ್ ಎಷ್ಟು ಅಂತ ಹೇಳುವ ಫೈಲ್‌ನ ಕೊನೇ ಸಾಲಿನಲ್ಲಿ, ಅಂದ್ರೆ ಟ್ರೇಲರ್‌ನಲ್ಲಿ, 12,418; ನಮ್ಮ ಪ್ರೋಗ್ರಾಂನ ಎಣಿಕೆ 2,418.

ಫೈಲ್ ಅರ್ಧಕ್ಕೇ ತುಂಡಾಗಿದೆ ಅಂದುಕೊಂಡೆ. ಕಳಿಸುವ ಟೀಮ್‌ಗೆ ಫೋನ್ ಮಾಡಿ ಮತ್ತೆ ಕಳಿಸಿ ಅಂದೆ. ಕಳಿಸಿದರು. ಅದೇ 2,418. ಮತ್ತೆ ಫೋನ್, ಈ ಸಲ ನನ್ನ ದನಿ ಸ್ವಲ್ಪ ಜೋರು. "ಸರ್, ನಾವು ಎರಡು ಸಲ ಎಣಿಸಿದ್ದೀವಿ" ಅಂದಳು ಆ ಕಡೆಯ ಹುಡುಗಿ. ನಾನು ಕೇಳಲಿಲ್ಲ. ಬೆಳಗಿನ ಆನ್‌ಲೈನ್ ಸೇವೆ ಶುರುವಾಗೋಕೆ 40 ನಿಮಿಷ ಉಳಿದಿತ್ತು.

ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದಾಗಲೇ ಕಣ್ಣಿಗೆ ಬಿದ್ದದ್ದು. ವ್ಯತ್ಯಾಸ ಸರಿಯಾಗಿ 10,000. ತುಂಡಾಗುವ ಫೈಲ್ ಇಷ್ಟು ಲೆಕ್ಕ ಇಟ್ಟು ತುಂಡಾಗುತ್ತಾ?

ರೆಕಾರ್ಡ್ ಎಣಿಸುವ ಕೌಂಟರ್ ಪಿಕ್ ಎಸ್9(4) ಕಾಂಪ್, ಅಂದ್ರೆ ಪಿಕ್ಚರ್‌ನಲ್ಲಿ (ಫೀಲ್ಡ್‌ನ ವಿವರಣೆ) ನಾಲ್ಕು ಅಂಕಿ ಬರೆದ ಬೈನರಿ ಸಂಖ್ಯೆ. ಜಾಗ ಎರಡು ಬೈಟ್, ಅದರಲ್ಲಿ 32,767ರವರೆಗೆ ಹಿಡಿಯುತ್ತದೆ. ಹಳೇ ಕಂಪೈಲರ್‌ನಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಸೈಟ್ ಡೀಫಾಲ್ಟನ್ನೇ ಟ್ರಂಕ್(ಬಿನ್) ಮಾಡಿಟ್ಟಿದ್ದರು. ಬೈಟ್‌ಗಳಲ್ಲಿ ಹಿಡಿಯುವಷ್ಟನ್ನೂ ಉಳಿಸು ಎನ್ನುವ ಕಂಪೈಲರ್ ಆಪ್ಷನ್ ಅದು. ಹಾಗೆ ಮಾಡಿದ್ದನ್ನು ಎಲ್ಲೂ ಬರೆದಿರಲಿಲ್ಲ. ಹೊಸದರಲ್ಲಿ ಇದ್ದದ್ದು ಐಬಿಎಂ ಕೊಟ್ಟ ಡೀಫಾಲ್ಟ್, ಟ್ರಂಕ್(ಎಸ್‌ಟಿಡಿ). ಅದು ಪಿಕ್ಚರ್‌ನಲ್ಲಿರುವಷ್ಟೇ ಅಂಕಿ ಉಳಿಸುತ್ತದೆ. 9,999ಕ್ಕೆ ಒಂದು ಕೂಡಿಸಿದರೆ ಸೊನ್ನೆ. ಸಂಖ್ಯೆ ಹಿಡಿಯದಿದ್ದಾಗ ಗೊತ್ತುಮಾಡುವ ಆನ್ ಸೈಜ್ ಎರರ್ ಕೂಡ ಕೋಡ್‌ನಲ್ಲಿ ಹಾಕಿರಲಿಲ್ಲ. ಅಬೆಂಡ್ (ಪ್ರೋಗ್ರಾಂ ಕುಸಿಯುವುದು) ಇಲ್ಲ, ಮೆಸೇಜ್ ಇಲ್ಲ, ಸುಮ್ನೆ ಸೊನ್ನೆ.

ಹೊಟ್ಟೆ ಉರಿಯುವುದು ಎಲ್ಲಿ ಅಂದ್ರೆ, ಆಪ್ಷನ್‌ಗಳೆಲ್ಲ ಕಂಪೈಲ್ ಲಿಸ್ಟಿಂಗ್‌ನ (ಕಂಪೈಲರ್ ಕೊಡುವ ವರದಿ) ಶುರುವಿನಲ್ಲೇ ಅಚ್ಚಾಗಿದ್ದವು. ಹಳೇದು, ಹೊಸದು ಪಕ್ಕಪಕ್ಕ ಇಟ್ಟಿದ್ದರೆ ಐದು ನಿಮಿಷದ ಕೆಲಸ. ನಾನು ರಿಟರ್ನ್ ಕೋಡ್ ಸೊನ್ನೆ (ಕಂಪೈಲ್‌ನಲ್ಲಿ ತಪ್ಪಿಲ್ಲ ಅಂತ) ನೋಡಿ ಮುಚ್ಚಿಟ್ಟಿದ್ದೆ.

ಸೋರ್ಸ್‌ನ ಮೊದಲ ಸಾಲಿಗೆ ಆಪ್ಷನ್ ಹೇಳುವ ಸಿಬಿಎಲ್ ಟ್ರಂಕ್(ಬಿನ್) ಹಾಕಿ, ಎಮರ್ಜೆನ್ಸಿ ಕಂಪೈಲ್ ಮಾಡಿ ರೀರನ್ ಕೊಟ್ಟೆ. ಮುಗಿದಾಗ ಏಳು ನಿಮಿಷ ಬಾಕಿ ಇತ್ತು. ಕೌಂಟರ್ ಫೀಲ್ಡನ್ನು ಒಂಬತ್ತು ಅಂಕಿಯ ಎಸ್9(9) ಮಾಡಿದ್ದು ಆಮೇಲೆ. ಈಗ ನಾನು ಮುಟ್ಟುವ ಪ್ರತಿ ಪ್ರೋಗ್ರಾಂಗೂ ಸಂಖ್ಯೆಗಳ ಲೆಕ್ಕಕ್ಕೆ ಸಂಬಂಧಿಸಿದ ಟ್ರಂಕ್, ನಂಪ್ರಾಕ್, ಆರಿತ್ ಆಪ್ಷನ್ ಮೂರನ್ನೂ ಮೇಲೆಯೇ ಬರೆಯುತ್ತೇನೆ. ಟೆಸ್ಟ್‌ನಲ್ಲಿ ಎಸ್‌ಎಸ್‌ರೇಂಜ್ (ಟೇಬಲ್‌ನ ಮಿತಿ ದಾಟಿದರೆ ಹಿಡಿಯುವ ಆಪ್ಷನ್) ಆನ್ ಮಾಡುತ್ತೇನೆ, ಏಕೆಂದರೆ ಡೀಫಾಲ್ಟ್ ಆಗಿ ಅದು ಆಫ್. ಇದೇ ತೊಂದರೆ ಇರಬಹುದಾದ ಉಳಿದ ಪ್ರೋಗ್ರಾಂಗಳನ್ನು ಹುಡುಕೋಕೆ ಸಮಯ ಕೇಳಿದರೆ, "ಕೋಡ್ ಮುಟ್ಟಿಲ್ಲ ಅಂದಿದ್ರಲ್ಲ?" ಅಂತಾರೆ ಮ್ಯಾನೇಜರ್.

ಬೆಳಿಗ್ಗೆ ಆ ಹುಡುಗಿಗೆ ಸಾರಿ ಹೇಳೋಕೆ ಫೋನ್ ಮಾಡಿದೆ. ನನ್ನ ದನಿ ಕೇಳಿದ್ದೇ ತಡ, "ಮೂರನೇ ಸಲ ಕಳಿಸಬೇಕಾ ಸರ್?" ಅಂದಳು.