ಮಡಿಕೇರಿಯಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ: ಬ್ರೂವರಿ ಕೆಲಸದ ಒಂದು ಪಾಠ

ಬಿಯರ್ ತಯಾರಿಸುವ ಬ್ರೂವರಿಯ ಕೆಲಸಕ್ಕೆ ಹೊಸದಾಗಿ ಬಂದವರು ಡಯಲ್ ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಅದನ್ನು ಕುದಿಯುವ ನೀರಿಗೆ ಅದ್ದುತ್ತಾರೆ. ಮುಳ್ಳು 96ರಲ್ಲಿ ನಿಲ್ಲುತ್ತದೆ. ಹಿಂದಿನ ನಟ್ ತಿರುಗಿಸಿ 100ಕ್ಕೆ ತರುತ್ತಾರೆ. ಕೆಡುವುದು ಅಲ್ಲೇ. ಎತ್ತರ ಏರಿದಂತೆ ಸುಮಾರು 300 ಮೀಟರಿಗೆ 1 ಡಿಗ್ರಿಯ ಲೆಕ್ಕದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ಇಲ್ಲಿ 96 ತೋರಿಸುವ ಥರ್ಮಾಮೀಟರೇ ಸರಿಯಾದದ್ದು. ಕುಶಾಲನಗರಕ್ಕೆ ಇಳಿದರೆ 97 ದಾಟುತ್ತದೆ.

ನಟ್ ತಿರುಗಿಸಿದಾಗ ಇಡೀ ಸ್ಕೇಲ್ 4 ಡಿಗ್ರಿ ಜರುಗುತ್ತದೆ. ಮ್ಯಾಶ್, ಅಂದರೆ ಬಿಸಿನೀರಿನಲ್ಲಿ ನೆನೆಸಿದ ಮಾಲ್ಟ್, 67ರಲ್ಲಿದೆ ಎಂದು ಮುಳ್ಳು ಹೇಳುವಾಗ ಒಳಗಿರುವುದು 63. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳಲ್ಲಿ ಬೀಟಾ ಅಮೈಲೇಸ್ 60–65ರಲ್ಲಿ ಚುರುಕು. ಅದರಿಂದ ಬರುವ ಮಾಲ್ಟೋಸ್ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತದೆ. ಆಲ್ಫಾ ಅಮೈಲೇಸಿಗೆ 70ರ ಆಚೀಚಿನ ಬಿಸಿ ಬೇಕು. ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಆಗ ಹೆಚ್ಚು ಉಳಿದು ಬಿಯರ್ ಬಾಯಿಗೆ ತುಂಬಿದಂತಿರುತ್ತದೆ. 67 ಎಂದುಕೊಂಡು 63ರಲ್ಲಿ ಇಟ್ಟರೆ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.012ರಲ್ಲಿ ನಿಲ್ಲಬೇಕಾದ ಬಿಯರ್ 1.008ಕ್ಕೂ ಇಳಿಯಬಹುದು. ಆಲ್ಕೋಹಾಲ್ ಜಾಸ್ತಿ, ಕುಡಿದರೆ ನೀರುನೀರು. ಬೈಗುಳ ತಿನ್ನುವುದು ಮಾತ್ರ ಯೀಸ್ಟ್.

ಥರ್ಮಾಮೀಟರ್ ಬರುವ ಮುಂಚೆ ಇಂಗ್ಲೆಂಡಿನ ಬ್ರೂವರ್‌ಗಳು ಬಿಸಿನೀರಿನ ಹಬೆ ತಿಳಿಯಾಗಿ ತಮ್ಮ ಮುಖ ಕಾಣುವವರೆಗೆ ಕಾದು ಮಾಲ್ಟ್ ಹಾಕುತ್ತಿದ್ದರು. ಅಳತೆಯಿಂದಲೇ ಕೆಲಸ ಮಾಡಿ ಎಂದು 18ನೇ ಶತಮಾನದ ನಡುವಿನಲ್ಲಿ ಪಟ್ಟು ಹಿಡಿದವರು ಅಲ್ಲಿನ ಬ್ರೂವರ್ ಮೈಕೆಲ್ ಕಾಂಬ್ರೂನ್. ಅಂಥ ಉಪಕರಣವನ್ನು ತಪ್ಪಾಗಿ ಹೊಂದಿಸಿ ಬಳಸುವುದು ಅದಿಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಸರಿಯಾದ ಪರೀಕ್ಷೆ ಐಸಿನಲ್ಲಿ. ಚೊಂಬಿನ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟೇ ತಣ್ಣೀರು ಸುರಿಯಿರಿ. ಥರ್ಮಾಮೀಟರಿನ ಕಡ್ಡಿ ತಳಕ್ಕೂ ಬದಿಗೂ ತಾಗದಂತೆ ಅದ್ದಿ, ಎರಡು ನಿಮಿಷ ಕಲಕುತ್ತಾ ಇರಿ. ಮುಳ್ಳನ್ನು 0ಗೆ ತಂದ ಮೇಲೆ ಕುದಿಯುವ ನೀರಿಗೆ ಅದ್ದಿ ನೋಡಿ. 96 ಬಂದರೆ ಮುಗಿಯಿತು. ಎರಡೂ ಕಡೆ ಹೊಂದದಿದ್ದರೆ ಆ ಥರ್ಮಾಮೀಟರನ್ನು ಮ್ಯಾಶಿಗೆ ಬಳಸಬೇಡಿ. ನೀರು ಜಾಸ್ತಿಯಾಗಿ ಐಸ್ ತೇಲತೊಡಗಿದರೆ ತಳದ ನೀರು ಬೆಚ್ಚಗಾಗಿ ಪರೀಕ್ಷೆಯೇ ತಪ್ಪುತ್ತದೆ.

ನೀರು 4 ಡಿಗ್ರಿ ಕೆಳಗೇ ಕುದಿಯುವುದು ವರ್ಟ್ (ಮ್ಯಾಶಿನಿಂದ ಸೋಸಿದ ಸಿಹಿನೀರು) ಕುದಿಸುವಾಗಲೂ ಕಾಡುತ್ತದೆ. ಬಿಯರಿಗೆ ಹಾಕುವ ಹಾಪ್ಸ್ ಹೂವು ಕಹಿ ಬಿಡುವುದು ಕಾಲು ಭಾಗದಷ್ಟು ನಿಧಾನವಾಗುತ್ತದೆ. ತಿಳಿಬಣ್ಣದ ಪಿಲ್ಸ್ನರ್ ಮಾಲ್ಟ್‌ನಲ್ಲಿ ಬೇಯಿಸಿದ ಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡಿನ ಮೂಲವಸ್ತು 100ರಲ್ಲಿ ಸುಮಾರು 40 ನಿಮಿಷಕ್ಕೆ ಅರ್ಧವಾಗುತ್ತದೆ. ಇಲ್ಲಿ ಗಂಟೆಯೇ ಬೇಕು. ಹಾಗಾಗಿ ಸಮುದ್ರಮಟ್ಟದ ಊರಿನ ರೆಸಿಪಿಯಲ್ಲಿ 60 ನಿಮಿಷ ಎಂದಿದ್ದರೆ ಇಲ್ಲಿ 90 ಕುದಿಸಬೇಕು. ಜಡಿಮಳೆಯಲ್ಲಿ ಗ್ಯಾಸ್ ಉಳಿಸಲೆಂದು ಮುಚ್ಚಳ ಮುಚ್ಚಬೇಡಿ. ಹಬೆಯ ಜೊತೆ ಹೋಗಬೇಕಾದ ಆ ವಾಸನೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ವರ್ಟಿಗೇ ಬೀಳುತ್ತದೆ.